ಕಾಗದ ಓದುವುದಕ್ಕೂ ಫೀಸು ತೆಗೆದುಕೊಂಡೆ

"ಕಾಗದ ನೋಡೋಕೂ ದುಡ್ಡಾ?" ಎಂದು ಮೊದಲು ಕೇಳಿದ್ದು ಕಕ್ಷಿದಾರರಲ್ಲ, ವಕೀಲರ ಸಂಘದ ಗೆಳೆಯರು. ತಿಪಟೂರಿನಂಥ ತಾಲ್ಲೂಕು ಕೇಂದ್ರದಲ್ಲಿ ದಾವೆ ಹಾಕುವ ಮೊದಲು, ಜಮೀನಿನ ಕಾಗದ ಓದುವುದಕ್ಕೇ ವಕೀಲ ಫೀಸು ಕೇಳಿದರೆ ಯಾರೂ ಆಫೀಸಿನ ಮೆಟ್ಟಿಲು ಹತ್ತಲ್ಲ ಅಂದರು. ಆರು ವರ್ಷವಾಯಿತು. ಇವತ್ತು ನನ್ನ ಆಫೀಸು ನಿಂತಿರುವುದೇ ಆ ಫೀಸಿನ ಮೇಲೆ.

ಸೀನಿಯರ್ ವಕೀಲರ ಹತ್ತಿರ ಹೇಳಿ, ಸ್ವಂತ ಆಫೀಸು ಮಾಡಲು ಹೊರಬಂದಾಗ ಕೈಯಲ್ಲಿದ್ದದ್ದು 60 ಸಾವಿರದ ಆಸುಪಾಸು. ರೂಮಿನ ಅಡ್ವಾನ್ಸು 20 ಸಾವಿರ, ಬಾಡಿಗೆ 2,500, ಮೇಜು, ಪ್ರಿಂಟರು. ಮೊದಲ ವರ್ಷ ಬಂದದ್ದನ್ನೆಲ್ಲ ಹಿಡಿದೆ: ಜಾಮೀನು, ಜೀವನಾಂಶ, ಆಕ್ಸಿಡೆಂಟು, ಚೆಕ್ ಬೌನ್ಸು. ಖರ್ಚು ಕಳೆದು ವರ್ಷಕ್ಕೆ ಉಳಿದದ್ದು 40 ಸಾವಿರ ಇರಬೇಕು.

ಆ ವರ್ಷದ ಪೆಟ್ಟು ಒಂದು ಚೆಕ್ ಕೇಸಿನದು. ಚೆಕ್ ವಾಪಸಾಯಿತೆಂದು ಬ್ಯಾಂಕು ಕೊಡುವ ಮೆಮೋ ಕೈಸೇರಿದ 30 ದಿನದೊಳಗೆ ಚೆಕ್ ಕೊಟ್ಟವನಿಗೆ ನೋಟಿಸ್ ಹೋಗಬೇಕು. ಡೈರಿಯಲ್ಲಿ ನಾನು ಬರೆದುಕೊಂಡದ್ದು ಮೆಮೋ ಸಿಕ್ಕ ತಾರೀಕಲ್ಲ, ಕಕ್ಷಿದಾರ ನನ್ನ ಹತ್ತಿರ ಬಂದ ತಾರೀಕು. ನೋಟಿಸ್ ಹೋದದ್ದು 34ನೇ ದಿನ. ಚೆಕ್ಕಿನ ಮೂರು ತಿಂಗಳ ಅವಧಿಯೂ ಮುಗಿದಿದ್ದರಿಂದ ಮತ್ತೆ ಬ್ಯಾಂಕಿಗೆ ಹಾಕುವಂತಿರಲಿಲ್ಲ. ಕೋರ್ಟಿಗೆ ದೂರು ತಡವಾದರೆ ಮನ್ನಾ ಕೇಳಬಹುದು, ನೋಟಿಸು ತಡವಾದರೆ ದಾರಿಯೇ ಇಲ್ಲ. 1 ಲಕ್ಷ 80 ಸಾವಿರದ ಚೆಕ್ಕು. ನಡೆದದ್ದನ್ನು ಆತನಿಗೆ ನಡೆದ ಹಾಗೇ ಹೇಳಿದೆ. ವಸೂಲಿ ದಾವೆ ಹಾಕಿಕೊಟ್ಟೆ. ಕೋರ್ಟ್ ಫೀ ಸುಮಾರು 12 ಸಾವಿರ, ನಾನೇ ಕಟ್ಟಿದೆ. ಆ ರಾತ್ರಿ ನಿದ್ದೆ ಬರಲಿಲ್ಲ. ಒಬ್ಬನೇ ನಡೆಸುವ ಆಫೀಸಿನಲ್ಲಿ ಹತ್ತು ಬಗೆಯ ಕೇಸು ಇಟ್ಟುಕೊಳ್ಳಬಾರದು ಎಂದು ಅಂದೇ ತೀರ್ಮಾನಿಸಿದೆ. ಅಲ್ಲಿಂದೀಚೆಗೆ ಜಮೀನು, ವಿಭಾಗ (ಆಸ್ತಿ ಪಾಲು), ಎ.ಸಿ. (ಉಪವಿಭಾಗಾಧಿಕಾರಿ) ಕೋರ್ಟಿನಲ್ಲಿ ಮ್ಯುಟೇಶನ್ ಅಂದರೆ ಖಾತೆ ಬದಲಾವಣೆಯ ಅಪೀಲು, ಇಷ್ಟೇ.

ಬಂದವರಿಗೆ ಮೊದಲೇ ಹೇಳುತ್ತೇನೆ: 1,500 ರೂಪಾಯಿ ಕೊಡಿ, ಕಾಗದ ಇಟ್ಟು ಹೋಗಿ, ಹತ್ತು ದಿನ ಬಿಟ್ಟು ಬನ್ನಿ. ಅಷ್ಟರಲ್ಲಿ ಕೈಬರಹದ ಪಹಣಿ, ಎಂ.ಆರ್. (ಖಾತೆ ಬದಲಾವಣೆಯ ದಾಖಲೆ) ನಕಲು, ಇ.ಸಿ. (ಋಣಭಾರ ಪತ್ರ) ಎಲ್ಲ ತರಿಸಿ ಕೂತು ಓದುತ್ತೇನೆ. ಹತ್ತರಲ್ಲಿ ನಾಲ್ಕು ಜನಕ್ಕೆ "ದಾವೆ ಹಾಕಬೇಡಿ" ಎನ್ನುತ್ತೇನೆ. ಬೇಡವೆಂದು ಹೇಳಿಸಿಕೊಂಡವರೇ ಊರಿಗೆ ಹೋಗಿ ಬೇರೆಯವರನ್ನು ಕಳಿಸಿದರು. ಜಾಹೀರಾತು ಕೊಟ್ಟು ಕೇಸು ಕರೆಯಲು ವಕೀಲರಿಗೆ ಅವಕಾಶವಿಲ್ಲ, ಬೇಕಾಗಲೂ ಇಲ್ಲ.

ಒಬ್ಬ ಅಜ್ಜಿ ಗೊಬ್ಬರದ ಚೀಲದಲ್ಲಿ ಕಾಗದ ಸುತ್ತಿಕೊಂಡು ಬಂದಿದ್ದರು. "1998ರಲ್ಲೇ ಪಾಲಾಗೋಗೈತೆ ಅಂತಾರೆ ಸ್ವಾಮಿ ನಮ್ಮಣ್ಣದೀರು" ಅಂದರು. ಅಣ್ಣಂದಿರು ತೋರಿಸುತ್ತಿದ್ದದ್ದು ನೋಂದಣಿಯಾಗದ ಪಾಲುಪಟ್ಟಿ. ಪಹಣಿಯ 10ನೇ ಕಾಲಂನಲ್ಲಿದ್ದ ಎಂ.ಆರ್. ನಂಬರ್ ಹಿಡಿದು ಹೊರಟೆ. ಸಿಕ್ಕಿದ್ದು 2007ರ ಪೌತಿ ಖಾತೆ; ತಂದೆ ತೀರಿಕೊಂಡ ಮೇಲೆ ವಾರಸಾ ಎಂದು ಅಣ್ಣಂದಿರೇ ಅರ್ಜಿ ಕೊಟ್ಟಿದ್ದರು. ಪಾಲಾಗಿದ್ದರೆ ಪೌತಿ ಯಾಕೆ? ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನ ನಂತರ, ಸಾರ್ವಜನಿಕ ದಾಖಲೆಯ ಬೆಂಬಲವಿಲ್ಲದ ಬಾಯಿಮಾತಿನ ಪಾಲು ಹೆಣ್ಣುಮಕ್ಕಳ ಎದುರು ನಿಲ್ಲುವುದು ಕಷ್ಟ. ಇಲ್ಲಂತೂ ಸಾರ್ವಜನಿಕ ದಾಖಲೆಯೇ ಅಣ್ಣಂದಿರ ವಿರುದ್ಧ ತಿರುಗಿತ್ತು. ಆ ಒಂದು ಹಾಳೆಯನ್ನು ದಾವೆಯ ಜೊತೆ ಹಾಜರುಪಡಿಸಿದೆ. ಸಾಕ್ಷಿಯ ಹಂತಕ್ಕೆ ಹೋಗಲೇ ಇಲ್ಲ, ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಹಳೇ ಎಂ.ಆರ್. ಪುಸ್ತಕದಲ್ಲಿ ಬೇಗ ಹುಡುಕಲು ನನ್ನದೇ ಒಂದು ಕ್ರಮ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅದೇ ನನ್ನ ಅನ್ನ.

ನಡುವೆ ಮೊಬೈಲಿಗೆ ಹೇಳಿ ಕನ್ನಡದಲ್ಲಿ ವಾದಪತ್ರ ಟೈಪ್ ಮಾಡಿಸಿ ನೋಡಿದೆ. ಸಂಗತಿಗಳ ಭಾಗ ಚೆನ್ನಾಗಿ ಬರುತ್ತದೆ, ಆಸ್ತಿಯ ವಿವರ ಬರೆಯುವ ಷೆಡ್ಯೂಲಿನಲ್ಲಿ ಕೆಡುತ್ತದೆ. ಚಕ್ಕುಬಂದಿಯಲ್ಲಿ (ನಾಲ್ಕು ಕಡೆಯ ಗಡಿ) ಸರ್ವೆ ನಂಬರು ತಪ್ಪಿ ಒಮ್ಮೆ ತಿದ್ದುಪಡಿ ಅರ್ಜಿ ಹಾಕಬೇಕಾಯಿತು. ಈಗ ಷೆಡ್ಯೂಲು ಮಾತ್ರ ಕೈಯಲ್ಲೇ ಕುಟ್ಟುತ್ತೇನೆ. ಶನಿವಾರ ಸಂಜೆ ತುರುವೇಕೆರೆಯಲ್ಲಿ ಕೂತು ನೋಡಿದ್ದೂ ಆಯಿತು, ಪೆಟ್ರೋಲಿಗೂ ಹುಟ್ಟಲಿಲ್ಲ. ಗಿಟ್ಟಿದ್ದು ವಾಯಿದೆಯ ದಿನ ಸಂಜೆ ಕಕ್ಷಿದಾರರಿಗೆ ವಾಟ್ಸಾಪಿನಲ್ಲಿ ಕಳಿಸುವ ಅರ್ಧ ನಿಮಿಷದ ಮಾತು: ಇವತ್ತು ಏನಾಯಿತು, ಮುಂದಿನ ತಾರೀಕು ಯಾವುದು. "ವಕೀಲರು ಫೋನೇ ಎತ್ತಲ್ಲ" ಎಂಬ ದೂರು ನನ್ನ ಮೇಲಿಲ್ಲ.

ಮುಖ್ಯ ಫೀಸು ನಾಲ್ಕು ಕಂತು: ದಾವೆ ಹಾಕುವಾಗ, ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆ) ರಚನೆಯಾದಾಗ, ಸಾಕ್ಷಿಗೆ, ವಾದಕ್ಕೆ. ನಮ್ಮ ಕಡೆ ರೈತರ ಕೈಗೆ ದುಡ್ಡು ಬರುವುದು ಕೊಬ್ಬರಿ ಮಾರಿದಾಗ. ಹಾಗಾಗಿ ಕಂತಿನ ತಾರೀಕು ಅವರೇ ಹೇಳಲಿ ಎಂದು ಬಿಟ್ಟೆ. ಬಾಕಿ ಉಳಿಯುವುದು ಅರ್ಧಕ್ಕರ್ಧ ಇಳಿಯಿತು. ಒಬ್ಬರು "ಗೆದ್ದರೆ ಒಂದೆಕರೆ ನಿಮ್ಮದೇ" ಎಂದಿದ್ದರು. ಬಾರ್ ಕೌನ್ಸಿಲ್ ನಿಯಮದಲ್ಲಿ ಅದು ನಿಷಿದ್ಧ, ನನಗೂ ಒಪ್ಪಿಗೆಯಿಲ್ಲ, ಕಳಿಸಿಬಿಟ್ಟೆ. ಈಗ ಖರ್ಚು ಕಳೆದು ತಿಂಗಳಿಗೆ 55-60 ಸಾವಿರ ಉಳಿಯುತ್ತದೆ. ಕೈಯಲ್ಲಿರುವ ಫೈಲು 90ರ ಹತ್ತಿರ, ಅದಕ್ಕಿಂತ ಹೆಚ್ಚು ಹಿಡಿಯಲ್ಲ.

ಇನ್ನೊಂದು, ಹೊಸದಾಗಿ ಆಫೀಸು ತೆರೆಯುವ ವಕೀಲರಿಗೆ. ಪ್ರಾಥಮಿಕ ಡಿಕ್ರಿಯಾದ (ಯಾರಿಗೆ ಎಷ್ಟು ಪಾಲೆಂದು ಕೋರ್ಟು ಹೇಳಿದ) ಮೇಲೆ ಎಫ್‌ಡಿಪಿಗೆ (ಆ ಪಾಲನ್ನು ಬೇರೆ ಮಾಡಿಕೊಡುವ ಅಂತಿಮ ಡಿಕ್ರಿಯ ನಡಾವಳಿ) ಬೇರೆ ಫೀಸು ಎಂದು ಮೊದಲ ದಿನವೇ ಬರೆದು ಸಹಿ ಹಾಕಿಸಿಕೊಳ್ಳಿ. ಶುರುವಿನಲ್ಲಿ ನಾನು ಬರೆಸಿಕೊಳ್ಳಲಿಲ್ಲ. ಆ ಎರಡು ಫೈಲನ್ನು ಇನ್ನೂ ಬಿಡಿಗಾಸಿಲ್ಲದೆ ನಡೆಸುತ್ತಿದ್ದೇನೆ.