ಧರ್ಮಗ್ರಂಥದಲ್ಲಿ ಗುಪ್ತ ಸಂದೇಶ ಹುಡುಕುವುದು ಹೇಗೆ: ಕರಡು ತಿದ್ದುವವನ ಕಿವಿಮಾತು

ಹಳೆಯ ಗ್ರಂಥಗಳ ಕರಡು ತಿದ್ದುವುದು ನನ್ನ ಕೆಲಸ. ಒಂದಕ್ಷರ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಚುಚ್ಚುತ್ತದೆ. ಹಾಗಾಗಿಯೋ ಏನೋ, “ಇದರೊಳಗೆ ಗುಪ್ತ ಸಂದೇಶ ಇದೆಯಂತೆ, ನಿಜವಾ?” ಎಂದು ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಕೆಲವು ಗ್ರಂಥಗಳಲ್ಲಿ ನಿಜವಾಗಿಯೂ ಇದೆ. ಬರೆದವನೇ ಬೇಕೆಂದು ಅಡಗಿಸಿಟ್ಟದ್ದು. ಆದರೆ ಜನ ತಂದು ತೋರಿಸುವುದರಲ್ಲಿ ಬಹುಪಾಲು ಓದುಗ ತಾನೇ ಇಟ್ಟು ತಾನೇ ತೆಗೆದದ್ದು. ಹುಡುಕುವ ಆಸೆ ನಿಮಗೂ ಇದ್ದರೆ ಖಂಡಿತ ಹುಡುಕಿ. ಎರಡನ್ನೂ ಬೇರೆ ಮಾಡುವುದು ಹೇಗೆ ಅಂತ ಮಾತ್ರ ಮೊದಲು ತಿಳಿದುಕೊಳ್ಳಿ.

ಅಸಲಿಯಿಂದ ಶುರು ಮಾಡಿ

ಮೊದಲಿಗೆ ಬೈಬಲಿನ 119ನೇ ಕೀರ್ತನೆ ತೆಗೆದುಕೊಳ್ಳಿ. ಹೀಬ್ರೂ ವರ್ಣಮಾಲೆಯಲ್ಲಿ 22 ಅಕ್ಷರ. ಈ ಕೀರ್ತನೆಯಲ್ಲಿ 22 ಭಾಗ, ಒಂದೊಂದರಲ್ಲಿ 8 ವಚನ, ಒಟ್ಟು 176. ಮೊದಲ ಭಾಗದ ಎಂಟೂ ವಚನ ಮೊದಲ ಅಕ್ಷರದಿಂದ ಶುರುವಾಗುತ್ತವೆ. ಎರಡನೇ ಭಾಗದ್ದು ಎರಡನೇ ಅಕ್ಷರದಿಂದ. ಹೀಗೇ ಕೊನೆಯವರೆಗೆ. ಅನುವಾದದಲ್ಲಿ ಇದು ಮಾಯ. ಅದಕ್ಕೇ ಹೇಳುವುದು, ಹುಡುಕುವುದಾದರೆ ಮೂಲ ಭಾಷೆಯಲ್ಲೇ ಹುಡುಕಿ. ಅಕ್ಷರ ಗುರುತಿಸುವಷ್ಟು ಬಂದರೆ ಶುರು ಮಾಡಲು ಸಾಕು.

145ನೇ ಕೀರ್ತನೆಯೂ ಇದೇ ಜಾತಿಯದು. ಆದರೆ ಪರಂಪರೆಯಿಂದ ಬಂದ ಹೀಬ್ರೂ ಪಾಠದಲ್ಲಿ, ಅಂದರೆ ಪಠ್ಯದ ರೂಪದಲ್ಲಿ, ‘ನೂನ್’ ಅಕ್ಷರದ ಸಾಲೇ ಇಲ್ಲ. ಮೃತ ಸಮುದ್ರದ ಬಳಿ ಸಿಕ್ಕ ಸುರುಳಿಯಲ್ಲಿ ಆ ಸಾಲು ಇದೆ, ಹಳೆಯ ಗ್ರೀಕ್ ಅನುವಾದದಲ್ಲೂ ಇದೆ. ಅದು ಮೂಲದ್ದೋ, ಯಾರೋ ಆಮೇಲೆ ತುಂಬಿದ್ದೋ ಎಂಬ ವಾದ ಇರಬಹುದು. ಆದರೆ ಸಾಲು ಎಲ್ಲಿ ಬಿಟ್ಟುಹೋಗಿದೆ ಅಂತ ಬೆರಳಿಟ್ಟು ತೋರಿಸಬಹುದು, ಅಲ್ವಾ? ಕರಡು ತಿದ್ದುವವನಿಗೆ ಇದಕ್ಕಿಂತ ಖುಷಿ ಬೇರೆ ಇಲ್ಲ.

ಇನ್ನೊಂದು, ಬೈಬಲಿನದೇ ಯೆರೆಮೀಯನ ಪುಸ್ತಕದ 51ನೇ ಅಧ್ಯಾಯದ 41ನೇ ವಚನ. ಅಲ್ಲಿ ‘ಶೇಷಕ್’ ಎಂಬ ಊರು ಬರುತ್ತದೆ. ಅಂಥ ಊರು ಎಲ್ಲೂ ಇಲ್ಲ. ವರ್ಣಮಾಲೆಯನ್ನು ಉಲ್ಟಾ ಮಾಡಿ: ಮೊದಲ ಅಕ್ಷರದ ಜಾಗಕ್ಕೆ ಕೊನೆಯದು, ಎರಡನೆಯದರ ಜಾಗಕ್ಕೆ ಕೊನೆಯಿಂದ ಎರಡನೆಯದು. ಈ ವಿಧಾನಕ್ಕೆ ಅತ್‌ಬಶ್ ಎನ್ನುತ್ತಾರೆ. ಆಗ ಶೇಷಕ್ ಎಂಬುದು ಬಾಬೆಲ್, ಅಂದರೆ ಬ್ಯಾಬಿಲೋನ್, ಆಗುತ್ತದೆ. ಅದೇ ವಚನದ ಮುಂದಿನ ಸಾಲಿನಲ್ಲಿ ಬಾಬೆಲ್ ಹೆಸರು ನೇರವಾಗಿಯೇ ಇದೆ! ಅದೇ ಅಧ್ಯಾಯದ ಮೊದಲ ವಚನದಲ್ಲಿರುವ ‘ಲೇಬ್ ಕಾಮೈ’ ಎಂಬ ವಿಚಿತ್ರ ಹೆಸರಿಗೂ ಇದೇ ಕೀಲಿ ಹಾಕಿ ನೋಡಿ, ‘ಕಸ್ದೀಮ್’, ಅಂದರೆ ಬಾಬೆಲಿನ ಕಲ್ದೀಯರು ಎಂದು ಬರುತ್ತದೆ. ಒಂದೇ ಕೀಲಿ ಎರಡು ಕಡೆ ಕೆಲಸ ಮಾಡಿತು, ಅರ್ಥವೂ ಸಂದರ್ಭಕ್ಕೆ ಕೂತಿತು. ಇಂಥದ್ದನ್ನು ನಾನು ಎರಡು ಮಾತಿಲ್ಲದೆ ಒಪ್ಪುತ್ತೇನೆ.

ಸಂಸ್ಕೃತ ಓದಲು ಬರುವವರಿಗೆ ವೇದಾಂತ ದೇಶಿಕರ ಪಾದುಕಾಸಹಸ್ರ ಎಂಬ ಸ್ತೋತ್ರಕಾವ್ಯ ಇದೆ. ಅದರ 929ನೇ ಶ್ಲೋಕದ 32 ಅಕ್ಷರಗಳನ್ನು ನಾಲ್ಕು ಸಾಲು ಎಂಟು ಮನೆಯ ಪಟದಲ್ಲಿ ಬರೆಯಿರಿ. ಚದುರಂಗದ ಕುದುರೆ ನಡೆಯುವ ಹಾಗೆ ಮನೆಯಿಂದ ಮನೆಗೆ ಹಾರುತ್ತಾ ಓದಿದರೆ 930ನೇ ಶ್ಲೋಕ ಬರುತ್ತದೆ. ಉತ್ತರ ಮುಂದಿನ ಶ್ಲೋಕದಲ್ಲೇ ಇದೆ. ಒಮ್ಮೆ ಕಾಗದದ ಮೇಲೆ ಮಾಡಿ ನೋಡಿ, ಒಂದು ಸಂಜೆ ಹೋಗಿದ್ದೇ ಗೊತ್ತಾಗುವುದಿಲ್ಲ.

ಕಟಪಯಾದಿಯ ರುಚಿ, ಕಟಪಯಾದಿಯ ಅಪಾಯ

ಅಕ್ಷರದಲ್ಲಿ ಸಂಖ್ಯೆ ಅಡಗಿಸುವ ಈ ವಿಧಾನ ಕಲಿಯಲೇಬೇಕು. ಕ ಮೊದಲಾಗಿ ಝ ವರೆಗೆ 1ರಿಂದ 9. ಟ ಮೊದಲಾಗಿ ಧ ವರೆಗೆ ಮತ್ತೆ 1ರಿಂದ 9. ಪ ಇಂದ ಮ ವರೆಗೆ 1ರಿಂದ 5. ಯ ಇಂದ ಹ ವರೆಗೆ 1ರಿಂದ 8. ಞ, ನ ಮತ್ತು ಒಂಟಿ ಸ್ವರಗಳಿಗೆ ಸೊನ್ನೆ. ಒತ್ತಕ್ಷರದಲ್ಲಿ ಕೊನೆಯ ವ್ಯಂಜನಕ್ಕೆ ಮಾತ್ರ ಬೆಲೆ. ಬಂದ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು.

ಕರ್ನಾಟಕ ಸಂಗೀತದ ಮೇಳಕರ್ತ ರಾಗಗಳಲ್ಲಿ, ಅಂದರೆ ಕ್ರಮಸಂಖ್ಯೆ ಕೊಟ್ಟಿರುವ ಮೂಲ ರಾಗಗಳಲ್ಲಿ, ಅಭ್ಯಾಸ ಮಾಡಿ. ಮೇಚಕಲ್ಯಾಣಿ: ಮ 5, ಚ 6, ತಿರುಗಿಸಿದರೆ 65. ಅದು 65ನೇ ಮೇಳ. ಧೀರಶಂಕರಾಭರಣ: ಧ 9, ರ 2, ಅಂದರೆ 29. ಕಲ್ಯಾಣಿಗೆ ‘ಮೇಚ’, ಶಂಕರಾಭರಣಕ್ಕೆ ‘ಧೀರ’ ಸೇರಿದ್ದೇ ಈ ಲೆಕ್ಕಕ್ಕೆ. ಆಮೇಲೆ ಕೇರಳದ ಕವಿ ಮೇಲ್ಪುತ್ತೂರರ ಸಂಸ್ಕೃತ ಸ್ತೋತ್ರಕಾವ್ಯ ನಾರಾಯಣೀಯಕ್ಕೆ ಬನ್ನಿ. ಅದರ ಕೊನೆಯ ಮಾತು ‘ಆಯುರಾರೋಗ್ಯಸೌಖ್ಯಂ’. ಲೆಕ್ಕ ಹಾಕಿದರೆ 1712210. ಕಲಿಯುಗ ಶುರುವಾದ ಮೇಲೆ ಅಷ್ಟು ದಿನ ಕಳೆದಾಗ ಗ್ರಂಥ ಮುಗಿಯಿತು ಎಂದರ್ಥ. ಇಸವಿಗೆ ತಂದರೆ 1586 ಬರುತ್ತದೆ, ಕವಿಯ ಕಾಲಕ್ಕೆ ಸರಿಯಾಗಿ ಕೂರುತ್ತದೆ.

ಈಗ ಅಪಾಯ. ಮಹಾಭಾರತಕ್ಕೆ ‘ಜಯ’ ಎಂಬ ಹೆಸರಿದೆ. ಜ 8, ಯ 1, ತಿರುಗಿಸಿದರೆ 18. ಪರ್ವಗಳು 18, ಯುದ್ಧ 18 ದಿನ, ಗೀತೆಯ ಅಧ್ಯಾಯ 18. ಕೇಳಿದ ಕೂಡಲೇ ರೋಮಾಂಚನ ಆಗುತ್ತದೆ. ಆದರೆ 8ಕ್ಕೆ ಜ, ದ, ಹ ಮೂರೂ ಇವೆ. 1ಕ್ಕೆ ಕ, ಟ, ಪ, ಯ ನಾಲ್ಕು ಇವೆ. ಹಾಗಾಗಿ ಜಪ ಎಂದರೂ 18, ದಯೆ ಎಂದರೂ 18, ದೀಪವೂ 18. ಹಟ ಮಾಡಿದರೂ 18! ಇನ್ನೊಂದು ಮಾತು: ಕಟಪಯಾದಿಗೆ ಸಿಕ್ಕಿರುವ ಹಳೆಯ ಖಚಿತ ಸಾಕ್ಷಿ ಕ್ರಿ.ಶ. 683ರ, ಹರಿದತ್ತನ ಖಗೋಳ ಗ್ರಂಥ. ಮಹಾಭಾರತ ಅದಕ್ಕಿಂತ ಎಷ್ಟೋ ಹಿಂದಿನದು. ಕೀಲಿಗಿಂತ ಬೀಗ ಹಳೆಯದಾದರೆ ಅನುಮಾನ ಪಡಲೇಬೇಕು. ಹಾಗೆಂದು ಜಯ ಎಂಬ ಹೆಸರಿನ ಗೌರವವೇನೂ ಕಡಿಮೆಯಾಗುವುದಿಲ್ಲ.

ಯಾವ ಪ್ರತಿ?

ನನ್ನ ದೃಷ್ಟಿಯಲ್ಲಿ ಅರ್ಧ ಕೆಲಸ ಇಲ್ಲೇ ಇದೆ, ಜನ ಬಿಟ್ಟುಬಿಡುವುದೂ ಇದನ್ನೇ. ಎಣಿಕೆಯ ಮೇಲೆ ನಿಂತ ಗುಟ್ಟಿಗೆ ಒಂದೇ ಒಂದು ಅಕ್ಷರದ ಪಾಠಾಂತರ, ಅಂದರೆ ಪ್ರತಿಯಿಂದ ಪ್ರತಿಗೆ ಇರುವ ವ್ಯತ್ಯಾಸ, ಸಾಕು, ಮುಂದಿನದೆಲ್ಲ ಒಂದು ಮನೆ ಸರಿಯುತ್ತದೆ. ವಾಲ್ಮೀಕಿ ರಾಮಾಯಣದ 24 ಸಾವಿರ ಶ್ಲೋಕದಲ್ಲಿ ಸಾವಿರಕ್ಕೊಂದರಂತೆ ಮೊದಲಕ್ಷರ ತೆಗೆದರೆ ಗಾಯತ್ರಿಯ 24 ಅಕ್ಷರ ಬರುತ್ತವೆ ಎಂಬ ನಂಬಿಕೆ ಇದೆ. ಮೊದಲ ಶ್ಲೋಕ ‘ತ’ದಿಂದ ಶುರುವಾಗುವುದು ನಿಜ. ಮುಂದೆ 1001ನೆಯದು ‘ಸ’ದಿಂದ ಶುರುವಾಗಬೇಕು. ನಿಮ್ಮ ಕೈಲಿರುವ ಮುದ್ರಣದಲ್ಲಿ ಎಣಿಸಿ ನೋಡಿ. ಬೇರೆ ಪ್ರಾಂತದ ಪಾಠದಲ್ಲೂ ಎಣಿಸಿ. ಬರೋಡಾದಿಂದ ಬಂದ ಪರಿಷ್ಕೃತ ಆವೃತ್ತಿಯಲ್ಲಿ ಶ್ಲೋಕಗಳೇ 24 ಸಾವಿರಕ್ಕಿಂತ ಸಾಕಷ್ಟು ಕಡಿಮೆ. ಪಾರಾಯಣ ಮಾಡುವವರಿಗೆ ಇದು ಅಡ್ಡಿಯಲ್ಲ. ಎಣಿಸುವವರಿಗೆ ಅಡ್ಡಿಯೇ.

ಕೆಲವೊಮ್ಮೆ ಪಾಠಾಂತರವೇ ಸಾಕ್ಷಿ ಹೇಳುತ್ತದೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯಲ್ಲಿ ಬರುವ, ಮೃಗದ ಸಂಖ್ಯೆ ಎನ್ನುವ 666 ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದಿದೆ. ಹೀಬ್ರೂವಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಬೆಲೆ ಇದೆ. ‘ನೆರೋನ್ ಕೇಸರ್’, ಅಂದರೆ ರೋಮಿನ ಚಕ್ರವರ್ತಿ ನೀರೋ, ಎಂದು ಆ ಅಕ್ಷರಗಳಲ್ಲಿ ಬರೆದು ಬೆಲೆ ಕೂಡಿಸಿ, 666. ಲ್ಯಾಟಿನ್ ಉಚ್ಚಾರದಂತೆ ಕೊನೆಯ ‘ನ್’ ಬಿಟ್ಟರೆ 50 ಕಡಿಮೆ, 616. ಎರಡೂ ಸಂಖ್ಯೆಗೆ ಒಂದೇ ವಿವರಣೆ ಸಾಕಾಗುತ್ತದೆ.

ಪಾಠವನ್ನೇ ಲೆಕ್ಕಕ್ಕೆ ಬಗ್ಗಿಸುವುದಂತೂ ಬೇಡ. ಖುರಾನಿನ ಎಣಿಕೆಗಳೆಲ್ಲ 19ರ ಲೆಕ್ಕಕ್ಕೆ ಕೂರುತ್ತವೆ ಎಂದ ರಷಾದ್ ಖಲೀಫಾ, 9ನೇ ಅಧ್ಯಾಯದ ಕೊನೆಯ ಎರಡು ವಚನ ಹೊಂದುವುದಿಲ್ಲವೆಂದು ಅವನ್ನೇ ಕೈಬಿಟ್ಟರು.

ಕಂಪ್ಯೂಟರಿನಲ್ಲಿ ಕನ್ನಡ ಅಥವಾ ದೇವನಾಗರಿ ಪಠ್ಯ ಎಣಿಸುವವರಿಗೆ ಇನ್ನೊಂದು ಎಚ್ಚರಿಕೆ. ‘ಸ್ತ್ರೀ’ ಕಣ್ಣಿಗೆ ಒಂದಕ್ಷರ. ಯೂನಿಕೋಡ್‌ನಲ್ಲಿ ಆರು ಸಂಕೇತ, ದೀರ್ಘವನ್ನು ಬಿಡಿಸಿ ಬರೆದ ಕಡತದಲ್ಲಿ ಏಳು. ಯಾವುದನ್ನು ‘ಅಕ್ಷರ’ ಅನ್ನುತ್ತೀರಿ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಅವಗ್ರಹ, ಅನುಸ್ವಾರ, ವಿಸರ್ಗಕ್ಕೂ ನಿಯಮ ಬೇಕು. ನನ್ನ ಅಕ್ಕನ ಮಗ ಪ್ರೋಗ್ರಾಂ ಬರೆದುಕೊಟ್ಟಾಗ ನಾನು ಕೇಳಿದ ಮೊದಲ ಪ್ರಶ್ನೆಯೇ ಇದು. ಅವನು ತಲೆ ಕೆರೆದುಕೊಂಡ.

ಸಮ ಅಂತರದ ಅಕ್ಷರಗಳು

ಹೆಚ್ಚು ಸದ್ದು ಮಾಡಿದ್ದು ಇದು. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಹೀಬ್ರೂ ಮೂಲದಲ್ಲಿ ಮೊದಲ ‘ತಾವ್’ ಅಕ್ಷರದಿಂದ 50ಕ್ಕೊಂದರಂತೆ ಎಣಿಸಿದರೆ ‘ತೋರಾ’ (ಯಹೂದಿಗಳ ಧರ್ಮಗ್ರಂಥದ ಹೆಸರು) ಎಂಬ ಪದ ಬರುತ್ತದೆ. ಬರುವುದು ನಿಜ. ಆದರೆ ಎಷ್ಟು ಸುಲಭವಾಗಿ ಬರುತ್ತದೆ ಎಂದು ಲೆಕ್ಕ ಹಾಕೋಣ.

ಒಂದು ಲಕ್ಷ ಅಕ್ಷರದ ಪಠ್ಯ ಇದೆ ಎನ್ನಿ. ಅಂತರ 1ರಿಂದ 1000, ಮುಂದಕ್ಕೂ ಹಿಂದಕ್ಕೂ. ಅಂದರೆ 2000 ರೀತಿ. ಪ್ರತಿ ರೀತಿಗೂ ಶುರು ಮಾಡಲು ಸರಾಸರಿ 98 ಸಾವಿರ ಜಾಗ. ಒಟ್ಟು 19.6 ಕೋಟಿ ಅವಕಾಶ. 22 ಅಕ್ಷರಗಳೂ ಸಮನಾಗಿ ಬರುತ್ತವೆ ಎಂದುಕೊಂಡರೆ, ಐದು ಅಕ್ಷರದ ಒಂದು ಪದ ಸುಮ್ನೆ ಸಿಗುವುದು ಸುಮಾರು 51.5 ಲಕ್ಷಕ್ಕೆ ಒಂದು ಸಲ. ಭಾಗಿಸಿ. ಸುಮಾರು 38 ಸಲ ಸಿಗಬೇಕು! ನಿಮ್ಮ ಹೆಸರು ಸಿಗದಿದ್ದರೇ ಆಶ್ಚರ್ಯ. ಎಂಟು ಅಕ್ಷರದ ಪದವಾದರೆ ಸಿಗುವ ಸಾಧ್ಯತೆ ಸುಮಾರು ಮುನ್ನೂರಕ್ಕೆ ಒಂದು. ಅಪರೂಪ ಅನ್ನಿಸುತ್ತದೆ. ಆದರೆ ಅಂಥ ಮುನ್ನೂರು ಪದ ಹುಡುಕಿದವನಿಗೆ ಒಂದು ಸಿಕ್ಕರೆ ಅದೇನೂ ಪವಾಡವಲ್ಲ.

ಆದ್ದರಿಂದ ಕ್ರಮ ಹೀಗಿರಲಿ. ಹುಡುಕುವ ಪದಗಳನ್ನು, ಅವುಗಳ ಕಾಗುಣಿತವನ್ನು, ಅಂತರದ ಮಿತಿಯನ್ನು ಹುಡುಕುವ ಮೊದಲೇ ಬರೆದು ಒಬ್ಬ ಗೆಳೆಯನ ಕೈಗೆ ಕೊಡಿ. ಆಮೇಲೆ ಅದೇ ಪಟ್ಟಿಯನ್ನು ಅಷ್ಟೇ ಉದ್ದದ ಬೇರೊಂದು ಪುಸ್ತಕದಲ್ಲೂ ಹುಡುಕಿ. ಕಾದಂಬರಿ ಆದರೂ ಪರವಾಗಿಲ್ಲ. ನಿಮ್ಮ ಗ್ರಂಥದ ಅಕ್ಷರಗಳನ್ನೇ ಕಲೆಸಿ ಅದರಲ್ಲೂ ಹುಡುಕಿ, ಒಂದಲ್ಲ, ಸಾವಿರ ಸಲ ಕಲೆಸಿ. ಕಂಪ್ಯೂಟರಿಗೆ ಬೇಸರ ಇಲ್ಲ.

ಪಟ್ಟಿ ಮೊದಲೇ ಯಾಕೆ ಅಂದರೆ, ದೊಡ್ಡ ಜಗಳವೇ ಅದರ ಮೇಲೆ ನಡೆದಿದೆ. 1994ರಲ್ಲಿ ವಿಟ್ಸ್‌ಟಮ್, ರಿಪ್ಸ್, ರೋಸೆನ್‌ಬರ್ಗ್ ಎಂಬ ಮೂವರು ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಲೇಖನ ಬರೆದರು. ಪ್ರಸಿದ್ಧ ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ಹೆಸರು ಮತ್ತು ಅವರ ಹುಟ್ಟು ಸಾವಿನ ದಿನಾಂಕ ಆದಿಕಾಂಡದಲ್ಲಿ ಹತ್ತಿರ ಹತ್ತಿರ ಸಿಗುತ್ತವೆ ಎಂದರು. 1999ರಲ್ಲಿ ಅದೇ ಪತ್ರಿಕೆಯಲ್ಲಿ ಮೆಕೆ, ಬಾರ್-ನತಾನ್, ಬಾರ್-ಹಿಲೆಲ್, ಕಲಾಯ್ ಉತ್ತರ ಕೊಟ್ಟರು. ಒಬ್ಬ ರಬ್ಬಿಗೆ ಹಲವು ಹೆಸರು, ಹಲವು ಕಾಗುಣಿತ. ಯಾವುದನ್ನು ಪಟ್ಟಿಗೆ ಹಾಕುತ್ತೀರಿ ಎಂಬುದರಲ್ಲೇ ಫಲಿತಾಂಶ ಇದೆ ಎಂದು ತೋರಿಸಿದರು. ಹೆಸರು ಆರಿಸುವ ಸ್ವಾತಂತ್ರ್ಯ ಇದ್ದರೆ ‘ಯುದ್ಧ ಮತ್ತು ಶಾಂತಿ’ಯ ಹೀಬ್ರೂ ಅನುವಾದದಲ್ಲೂ ಅಂಥದ್ದೇ ಫಲಿತಾಂಶ ಬಂತು. ಇನ್ನು ಬೈಬಲಿನಲ್ಲಿ ಇಂಥ ಸಂದೇಶಗಳಿವೆ ಎಂದ 1997ರ ಜನಪ್ರಿಯ ಪುಸ್ತಕವೊಂದರ ಲೇಖಕರು, ಯಾವುದಾದರೂ ಪ್ರಧಾನಿಯ ಹತ್ಯೆಯ ಸಂದೇಶ ‘ಮೋಬಿ ಡಿಕ್’ ಕಾದಂಬರಿಯಲ್ಲಿ ಸಿಕ್ಕರೆ ಟೀಕಾಕಾರರನ್ನು ನಂಬುತ್ತೇನೆ ಎಂದು ಸವಾಲು ಹಾಕಿದ್ದರು. ಮೆಕೆ ಹುಡುಕಿಯೇಬಿಟ್ಟರು. ಅದರಲ್ಲಿ ಇಂದಿರಾ ಗಾಂಧಿಯವರ ಹತ್ಯೆಯೂ ಇತ್ತು.

ಅಕ್ಷರದ ಬದಲು ಅಂಕಿಗಳಲ್ಲೇ ಬರೆದ ಜೈನ ಗ್ರಂಥ ಸಿರಿಭೂವಲಯದ ಬಗ್ಗೆ ಕೇಳುವವರಿಗೂ ಒಂದು ಮಾತು. 27 ಸಾಲು 27 ಮನೆಯ ಚಕ್ರಗಳು, ಒಂದೊಂದರಲ್ಲಿ 729 ಅಂಕಿ, 1ರಿಂದ 64ರವರೆಗೆ, ಒಂದೊಂದು ಅಂಕಿಗೆ ಒಂದೊಂದು ಧ್ವನಿ. ಅಲ್ಲಿ ಸಂಕೇತ ಇದೆಯೇ ಎಂಬ ಪ್ರಶ್ನೆಯೇ ಇಲ್ಲ, ಪಠ್ಯವೇ ಸಂಕೇತ. ಕೇಳಬೇಕಾದ್ದು ಬೇರೆ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂದು ಗ್ರಂಥ ಹೇಳುತ್ತಿದೆಯೋ, ಓದುವವರು ದಾರಿ ಆರಿಸುತ್ತಿದ್ದಾರೋ? ಬಂಧ, ಅಂದರೆ ಓದುವ ದಾರಿ, ನಿಗದಿಯಾಗಿ ಇಡೀ ಚಕ್ರದಿಂದ ಛಂದಸ್ಸಿಗೆ ಒಗ್ಗುವ ಪದ್ಯ ಬಂದರೆ ಅದು ಗಟ್ಟಿ. ಅಲ್ಲಲ್ಲಿ ನಾಲ್ಕು ಮನೆ ಆಯ್ದು ವಿಮಾನ, ಅಣು ಎಂದು ಓದಿದರೆ ನಾನು ಮುಂದೆ ಕೇಳುವುದೇ ಇಲ್ಲ.

ಸಿಗದೆ ಹೋದ ಹುಡುಕಾಟಗಳನ್ನೂ ಪುಸ್ತಕದಲ್ಲಿ ಬರೆದಿಡಿ. ಸಿಕ್ಕ ಒಂದರ ಬೆಲೆ ಗೊತ್ತಾಗುವುದು ಸಿಗದ ನೂರರಿಂದ. ಇಷ್ಟೆಲ್ಲ ಪರೀಕ್ಷೆ ದಾಟಿ ಏನಾದರೂ ಉಳಿದರೆ, ಆ ಗ್ರಂಥವನ್ನು ಸಂಪಾದಿಸಿದವರಿಗೆ ತೋರಿಸಿ. ಮುದ್ರಣ, ಪುಟ, ಶುರುವಾದ ಅಕ್ಷರ, ಅಂತರ, ಹುಡುಕಿದ ಪೂರ್ತಿ ಪಟ್ಟಿ, ಎಲ್ಲವನ್ನೂ ಜೊತೆಗೆ ಕೊಡಿ. ಅವರು ಮೊದಲು ನೋಡುವುದು ನಿಮ್ಮ ಸಂದೇಶವನ್ನಲ್ಲ, ಅದು ನಿಂತ ಸಾಲುಗಳ ಪಾಠಾಂತರಗಳನ್ನು.