ಎಲೆಗೆ ಒಂದು ಲೆಕ್ಕ, ಹಣ್ಣಿಗೆ ಇನ್ನೊಂದು

ಚಹಾ ಅನ್ನಿ, ಟೀ ಅನ್ನಿ, ಎರಡೂ ಚೀನಾದಿಂದಲೇ ಬಂದ ಮಾತು. ಫುಜಿಯಾನ್ ಕರಾವಳಿಯವರ ‘ಟೆ’ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಟೀ ಆಯಿತು. ಚೀನಾದ ಉಳಿದ ಬಹುಪಾಲು ಕಡೆಯ ‘ಚಾ’ ನಮ್ಮ ಬಾಯಲ್ಲಿ ಚಹಾ ಆಯಿತು. ಹಸಿರು, ಊಲಾಂಗ್, ಕಪ್ಪು ಎಂದು ಡಬ್ಬಿಗಳು ಬೇರೆಬೇರೆಯಾದರೂ ಗಿಡ ಒಂದೇ. ಕಿತ್ತ ಎಲೆಗೆ ಕೂಡಲೇ ಹಬೆ ಅಥವಾ ಬಾಣಲೆಯ ಬಿಸಿ ತೋರಿಸಿದರೆ ಹಸಿರಾಗಿಯೇ ಉಳಿಯುತ್ತದೆ. ಬಾಡಿಸಿ, ಉಜ್ಜಿ, ಗಾಳಿಗೆ ಬಿಟ್ಟರೆ ಹೆಚ್ಚಿಟ್ಟ ಸೇಬಿನಂತೆ ಕಂದುಗಟ್ಟಿ ಕಪ್ಪು ಚಹಾ ಆಗುತ್ತದೆ. ನಡುವೆಯೇ ನಿಲ್ಲಿಸಿದ್ದು ಊಲಾಂಗ್.

ನಮ್ಮ ಡಬ್ಬಿಯಲ್ಲಿರುವ ಗುಂಡುಗುಂಡು ಪುಡಿಯೇ ಸಿ.ಟಿ.ಸಿ., ಅಂದರೆ ಕ್ರಷ್, ಟೇರ್, ಕರ್ಲ್. ಎಲೆಯನ್ನು ಹಲ್ಲಿನ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಮಾಡುವ ಈ ಯಂತ್ರ 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಂತು. ಈ ಪುಡಿ ಬೇಗ ಬಣ್ಣ ಬಿಡುತ್ತದೆ, ಖಡಕ್ಕಾಗಿರುತ್ತದೆ, ಹಾಲನ್ನು ತಡೆದುಕೊಳ್ಳುತ್ತದೆ. ದುಬಾರಿ ಡಾರ್ಜಿಲಿಂಗ್ ಎಲೆಯನ್ನು ತಂದು ಹಾಲಿನಲ್ಲಿ ಕುದಿಸುವುದು ದುಡ್ಡಿಗೆ ದಂಡ.

ಎರಡು ಲೋಟ ಹಾಲಿನ ಚಹಾಕ್ಕೆ ಒಂದೂಕಾಲು ಲೋಟ ನೀರು, ಒಂದು ಲೋಟ ಹಾಲು, ಎರಡು ಸಪಾಟು ಟೀ ಚಮಚ ಪುಡಿ. ಶುಂಠಿ ಹಾಕುವುದಾದರೆ ಅರ್ಧ ಇಂಚು ಜಜ್ಜಿ ಬರೀ ನೀರಿನಲ್ಲಿ ಮೂರು ನಿಮಿಷ ಚೆನ್ನಾಗಿ ಕುದಿಸಿ. ಹಸಿ ಶುಂಠಿಯಲ್ಲಿ ಹಾಲು ಒಡೆಸುವ ಕಿಣ್ವ ಇದೆ, ಕುದಿದರೆ ಅದರ ಆಟ ಮುಗಿಯಿತು. ಆಮೇಲೆ ಪುಡಿ ಹಾಕಿ ಎರಡು ನಿಮಿಷ, ನಂತರ ಹಾಲು, ಎರಡು ಸಲ ಉಕ್ಕಿ ಬಂದರೆ ಸಾಕು. ಬೆಲ್ಲವಾದರೆ ಒಲೆ ಆರಿಸಿದ ಮೇಲೆ ಬೆರೆಸಿ. ಕುದಿಯುವಾಗ ಹಾಕಿದರೆ ಒಡೆಯುವ ಭಯ ಇದ್ದೇ ಇದೆ. ಬೋರ್‌ವೆಲ್‌ನ ಗಡಸು ನೀರಿನ ಕಪ್ಪು ಚಹಾದ ಮೇಲೆ ಎಣ್ಣೆಯಂತೆ ಪೊರೆ ಕಟ್ಟಿದರೆ ಪುಡಿಯನ್ನು ಬೈಯಬೇಡಿ. ಅದು ನೀರಿನ ಸುಣ್ಣದ ಕೆಲಸ, ನಾಲ್ಕು ಹನಿ ನಿಂಬೆರಸಕ್ಕೆ ಕರಗುತ್ತದೆ.

ಹಸಿರು ಚಹಾ ಕಹಿ ಎನ್ನುವವರು ಬಹುತೇಕ ಅದನ್ನು ಕುದಿಸಿರುತ್ತಾರೆ. ಕುದಿದ ನೀರನ್ನು ಮುಚ್ಚಳ ತೆಗೆದು ನಾಲ್ಕೈದು ನಿಮಿಷ ಬಿಟ್ಟು, 80 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಒಂದು ಲೋಟಕ್ಕೆ 2 ಗ್ರಾಂ ಎಲೆ ಹಾಕಿ, ಎರಡು ನಿಮಿಷಕ್ಕೆ ಸೋಸಿಬಿಡಿ.

ಹಣ್ಣಿನದು ತದ್ವಿರುದ್ಧ. ಅಂಗಡಿಯ ‘ಫ್ರೂಟ್ ಟೀ’ ಪೊಟ್ಟಣಗಳಲ್ಲಿ ಎಷ್ಟೋ ಸಲ ಚಹಾದ ಎಲೆಯೇ ಇರುವುದಿಲ್ಲ. ಒಣಸೇಬಿನ ಚೂರು, ಕಿತ್ತಳೆ ಸಿಪ್ಪೆ, ಕೆಂಪು ಬಣ್ಣಕ್ಕೂ ಹುಳಿಗೂ ದಾಸವಾಳದ ಜಾತಿಯ ಕೆಂಪು ಪುಂಡಿಯ ಪುಷ್ಪಪಾತ್ರೆ, ಅಂದರೆ ಹೂವಿನ ಬುಡದ ಹೊದಿಕೆ. ಈಜಿಪ್ಟ್, ಸುಡಾನಿನಲ್ಲಿ ಕರ್ಕಡೆ ಎಂದು ಕುಡಿಯುವುದು ಇದನ್ನೇ. ಇದಕ್ಕೆ ಕುದಿಯುವ ನೀರೇ ಬೇಕು, ಮುಚ್ಚಿಟ್ಟು ಎಂಟು ಹತ್ತು ನಿಮಿಷ ಕಾಯಬೇಕು. ಚಹಾದ ಒಗರು ಬರುವುದಿಲ್ಲ, ಹುಳಿ ಮಾತ್ರ ಏರುತ್ತದೆ. ಹಾಲು ಸೋಕಿಸಲೇಬೇಡಿ.

ನಮ್ಮ ಕರಾವಳಿ, ಮಲೆನಾಡಿನಲ್ಲಿ ಹಣ್ಣಿನ ಪಾನೀಯ ಅಂದರೆ ಮುರುಗಲು, ಅಂದರೆ ಪುನರ್ಪುಳಿ ಅಥವಾ ಕೋಕಂ. ಏಪ್ರಿಲ್ ಮೇ ಹೊತ್ತಿಗೆ ಹಣ್ಣಾಗುತ್ತದೆ, ಹಿಂದೆಯೇ ಮಳೆ ಬರುತ್ತದೆ, ಆದ್ದರಿಂದ ಒಣಗಿಸುವ ಕೆಲಸ ಅವಸರದ್ದು. ಹಣ್ಣು ಸೀಳಿ ಬೀಜ, ತಿರುಳು ತೆಗೆದು, ಸಿಪ್ಪೆಯನ್ನು ಆ ತಿರುಳಿನ ರಸದಲ್ಲೇ ಅದ್ದಿ ಬಿಸಿಲಿಗೆ ಹಾಕಿ. ಮೂರ್ನಾಲ್ಕು ದಿನ ಹೀಗೇ ಅದ್ದಿ ಒಣಗಿಸಿದರೆ ಹುಳಿ, ಬಣ್ಣ ಎರಡೂ ಗಟ್ಟಿ. ಒಳಗೆ ತೇವ ಉಳಿದರೆ ಮಳೆಗಾಲಕ್ಕೆ ಬೂಷ್ಟು ಖಚಿತ. ಕೊಂಡು ತರುವುದಾದರೆ ಉಪ್ಪು ಹಾಕಿದ್ದೋ ಅಲ್ಲವೋ ಕೇಳಿ. ಉಪ್ಪಿನದು ಸಾರಿಗೆ ಸರಿ. ಪಾನಕಕ್ಕೆ ಬಳಸುವಿರಾದರೆ ಒಮ್ಮೆ ತೊಳೆದುಕೊಳ್ಳಿ.

ಮೂರು ಲೋಟ ನೀರಿಗೆ ಆರೇಳು ಒಣ ಸಿಪ್ಪೆ. ಬೆಚ್ಚಗಿನ ನೀರಿನಲ್ಲಿ ಮುಕ್ಕಾಲು ಗಂಟೆ ನೆನೆಸಿ, ಕಿವುಚಿ, ಸೋಸಿ, ಬೆಲ್ಲ ಸೇರಿಸಿ. ಅರ್ಧ ಚಮಚ ಹುರಿದ ಜೀರಿಗೆ ಪುಡಿ ಇದಕ್ಕೆ ಒಪ್ಪುತ್ತದೆ, ಏಲಕ್ಕಿ ಅಷ್ಟಾಗಿ ಇಲ್ಲ. ಚಳಿಗೆ ಬಿಸಿ ಬೇಕಾದರೆ ಅದೇ ಅಳತೆಯನ್ನು ಐದು ನಿಮಿಷ ಕುದಿಸಿ. ಸ್ಟೀಲು, ಗಾಜು, ಭರಣಿ ಯಾವುದಾದರೂ ನಡೆಯುತ್ತದೆ, ಅಲ್ಯೂಮಿನಿಯಂ ಬೇಡ, ಹುಳಿ ಅದನ್ನು ತಿನ್ನುತ್ತದೆ. ಹಸಿ ಸಿಪ್ಪೆಗೆ ತೂಕದಲ್ಲಿ ಒಂದೂವರೆ ಪಟ್ಟು ಸಕ್ಕರೆ ಹಾಕಿ ಗಾಜಿನ ಬಾಟಲಿಯಲ್ಲಿ ಒಂದು ವಾರ ಬಿಸಿಲಿಗಿಟ್ಟರೆ ಸಿರಪ್ ತಾನಾಗಿ ಇಳಿಯುತ್ತದೆ. ನೊರೆ, ಗುಳ್ಳೆ ಕಂಡರೆ ಸಕ್ಕರೆ ಕಡಿಮೆಯಾಗಿದೆ ಅಥವಾ ಒದ್ದೆ ಚಮಚ ತಗುಲಿದೆ.

ಬೀಜ ಎಸೆಯಬೇಡಿ. ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿ ಆರಲು ಬಿಟ್ಟರೆ ಮೇಲೆ ಮುರುಗಲ ತುಪ್ಪ ಗಟ್ಟಿಯಾಗಿ ನಿಲ್ಲುತ್ತದೆ. ಒಡೆದ ಹಿಮ್ಮಡಿಗೆ ರಾತ್ರಿ ಸವರಿಕೊಳ್ಳಲು ಒಂದು ಸಣ್ಣ ಡಬ್ಬಿ ಇದ್ದರೆ ಚಳಿಗಾಲ ಕಳೆಯುತ್ತದೆ.