ತಾರಸಿಗೆ ಸೋಲಾರ್: ಮೊದಲು ನೆರಳು ನೋಡಿ

1902ರಲ್ಲೇ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ ಸೀಮೆ ನಮ್ಮದು. ಈಗ ಮೈಸೂರಿನ ಯಾವ ಬಡಾವಣೆಗೆ ಹೋದರೂ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಕಾಣುತ್ತದೆ. ಅಲ್ಲಿ ನೀರು ಧುಮುಕಿ ಟರ್ಬೈನ್ ತಿರುಗಬೇಕು. ಇಲ್ಲಿ ತಿರುಗುವಂಥದ್ದು ಏನೂ ಇಲ್ಲ. ಸಿಲಿಕಾನ್ ಸೆಲ್‌ಗಳ ಮೇಲೆ ಬಿಸಿಲು ಬಿದ್ದರೆ ಎಲೆಕ್ಟ್ರಾನ್‌ಗಳು ಹರಿಯುತ್ತವೆ, ಒಂದೇ ದಿಕ್ಕಿಗೆ ಹರಿಯುವ ಡಿಸಿ ಕರೆಂಟ್ ಹುಟ್ಟುತ್ತದೆ. ಅದನ್ನು ಇನ್ವರ್ಟರ್, ನಾವು ಮನೆಯಲ್ಲಿ ಬಳಸುವ ಎಸಿ ಕರೆಂಟ್ ಮಾಡಿ ಕೊಡುತ್ತದೆ.

ಹಾಕಿಸುವ ಮನಸ್ಸಿದ್ದರೆ ಮೊದಲು ಹಳೆಯ ಬಿಲ್‌ಗಳನ್ನು ತೆಗೆಯಿರಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. ತಿಂಗಳಿಗೆ 240 ಯೂನಿಟ್ ಉರಿಸುವ ಮನೆಗೆ 2 ಕಿಲೋವ್ಯಾಟ್ ಸಾಕು. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಆತುರ ಬೇಡ ಎಂಬುದು ನನ್ನ ಅಭಿಪ್ರಾಯ.

ಆಮೇಲೆ ತಾರಸಿ ಹತ್ತಿ. ಕಿಲೋವ್ಯಾಟಿಗೆ ಸುಮಾರು 100 ಚದರಡಿ ಜಾಗ ಬೇಕು. ಜಾಗಕ್ಕಿಂತ ಮುಖ್ಯ ನೆರಳು. ಪ್ಯಾನೆಲ್‌ಗಳನ್ನು ಸಾಮಾನ್ಯವಾಗಿ ವೈರಿನಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಜೋಡಿಸಿರುತ್ತಾರೆ. ಒಂದರ ಮೇಲೆ ತೆಂಗಿನ ಗರಿಯ ನೆರಳು ಬಿದ್ದರೂ ಇಡೀ ಸಾಲಿನ ಕರೆಂಟ್ ಕುಗ್ಗಬಹುದು. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಎಲ್ಲೆಲ್ಲಿ ನೆರಳು ಸರಿಯುತ್ತದೆ ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ. ಡಿಸೆಂಬರಿನಲ್ಲಿ ನೋಡಿದರೆ ಇನ್ನೂ ಒಳ್ಳೆಯದು. ಆಗ ಸೂರ್ಯ ದಕ್ಷಿಣಕ್ಕೆ ವಾಲಿ, ನೀರಿನ ಟ್ಯಾಂಕಿನ ನೆರಳೂ ಉದ್ದಕ್ಕೆ ಚಾಚಿಕೊಳ್ಳುತ್ತದೆ. ದಕ್ಷಿಣದ ಪಕ್ಕದಲ್ಲಿ ಖಾಲಿ ಸೈಟ್ ಇದೆಯಾ? ನಾಳೆ ಅಲ್ಲಿ ಮೂರು ಮಹಡಿ ಏಳಬಹುದು ಅಲ್ವಾ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿರಲಿ. ನಮ್ಮ ಊರಿಗೆ 10ರಿಂದ 15 ಡಿಗ್ರಿ ಓರೆ ಸಾಕು, ಜಾಸ್ತಿ ಎತ್ತಿಸಬೇಡಿ.

ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಪೋರ್ಟಲ್‌ನಲ್ಲಿ. ಅಲ್ಲಿ ನೋಂದಾಯಿಸಿದ ಏಜೆನ್ಸಿಯಿಂದಲೇ ಕೆಲಸ ಮಾಡಿಸಿ. ಸಬ್ಸಿಡಿ 1 ಕಿಲೋವ್ಯಾಟಿಗೆ 30,000 ರೂಪಾಯಿ, 2ಕ್ಕೆ 60,000, 3 ಅಥವಾ ಅದಕ್ಕಿಂತ ಹೆಚ್ಚಿದ್ದರೆ 78,000. ನಮ್ಮ ಕಡೆ ಕರೆಂಟ್ ಕೊಡುವ ಕಂಪನಿ ಸೆಸ್ಕ್‌ನವರು ಬಂದು ಪರೀಕ್ಷಿಸಿ, ಎರಡೂ ಕಡೆಗೆ ಓದುವ ಮೀಟರ್ ಕೂರಿಸುತ್ತಾರೆ. ಮನೆಗೆ ಬಳಸಿ ಮಿಕ್ಕ ಕರೆಂಟ್ ಲೈನಿಗೆ ಹೋಗುತ್ತದೆ, ಬಿಲ್‌ನಲ್ಲಿ ಲೆಕ್ಕಕ್ಕೆ ಸಿಗುತ್ತದೆ. ಅರ್ಥಿಂಗ್ ಮತ್ತು ಸಿಡಿಲು ತಡೆಯುವ ಸಲಾಕೆ ಹಾಕಿದ್ದಾರಾ ಎಂದು ನೀವೇ ನೋಡಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಬ್ಯಾಟರಿ ಇಲ್ಲದ ಈ ವ್ಯವಸ್ಥೆ, ಲೈನಿನಲ್ಲಿ ಕರೆಂಟ್ ಹೋದರೆ ನೆತ್ತಿ ಮೇಲೆ ಬಿಸಿಲಿದ್ದರೂ ನಿಂತುಬಿಡುತ್ತದೆ. ರಿಪೇರಿಗೆ ಕಂಬ ಹತ್ತಿದ ಲೈನ್‌ಮ್ಯಾನ್‌ಗೆ ನಮ್ಮ ಮನೆಯ ಕರೆಂಟ್ ಹೊಡೆಯಬಾರದು, ಅದಕ್ಕೇ ಹಾಗೆ ಮಾಡಿದ್ದಾರೆ.

ಇನ್ನು ಧೂಳು. ಮಂಡ್ಯ ಕಡೆ ಆಲೆಮನೆ ಹತ್ತಿರವಿದ್ದರೆ ಬೂದಿಯೂ ಕೂರುತ್ತದೆ. ಮಳೆ ಇಲ್ಲದ ತಿಂಗಳಲ್ಲಿ ಎರಡು ವಾರಕ್ಕೊಮ್ಮೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಬಿಳಿ ಕಲೆ ಉಳಿಯುತ್ತದೆ, ನಲ್ಲಿ ನೀರೇ ವಾಸಿ. ಮಧ್ಯಾಹ್ನ ಕಾದ ಗಾಜಿಗೆ ತಣ್ಣೀರು ಸುರಿಯಬೇಡಿ, ಬೆಳಗಿನ ಜಾವವೇ ತೊಳೆದುಬಿಡಿ.